ಕೈಬಿಟ್ಟ ಪ್ರಾಣಿಗಳಿಗೆ ಒಂದು ಮನೆ

ಉಳುವ ಎತ್ತಿಗೆ ಕೊಟ್ಟಿಗೆಯಲ್ಲಿ ಜಾಗವುಂಟು. ಕರೆಯುವ ಹಸುವಿಗೆ ಮನೆಯಾಕೆಯ ಕೈಯ ಕಲಗಚ್ಚು ಉಂಟು. ನೊಗ ಹೊರಲಾರದ ಎತ್ತು, ಗೊಡ್ಡು ಬಿದ್ದ ಹಸು, ಕಾಲು ಮುರಿದ ಗಾಡಿಯ ಕುದುರೆ, ಮಂದೆಯೊಡನೆ ನಡೆಯಲಾರದ ಕುಂಟು ಕುರಿ, ಇವುಗಳ ಗತಿಯೇನು? ಒಕ್ಕಲುತನದಷ್ಟೇ ಹಳೆಯದು ಈ ಪ್ರಶ್ನೆ. ರೈತನಿಗೆ ಕರುಳಿಲ್ಲವೆಂದು ಹೇಳುವುದು ನ್ಯಾಯವಲ್ಲ. ಅವನ ಹುಲ್ಲಿನ ಬಣವೆಗೆ ಒಂದು ಅಳತೆಯುಂಟು. ಬೇಸಗೆಯ ಕೊನೆಯಲ್ಲಿ ಬಣವೆ ಕರಗಿದಾಗ, ಇರುವ ಹುಲ್ಲನ್ನು ದುಡಿಯುವ ಜೋಡಿಗೆ ಹಾಕಬೇಕೋ ಮುದಿ ಎತ್ತಿಗೆ ಹಾಕಬೇಕೋ ಎಂಬ ಲೆಕ್ಕವನ್ನು ಅವನು ಮಾಡಲೇಬೇಕು. ಆ ಲೆಕ್ಕದಲ್ಲಿ ಸೋತ ಪ್ರಾಣಿ ಸಂತೆಗೆ ಹೋಗುತ್ತದೆ, ಇಲ್ಲವೆ ಹಗ್ಗ ಬಿಚ್ಚಿಸಿಕೊಂಡು ಬೀದಿಗೆ ಬೀಳುತ್ತದೆ.

ಹೀಗೆ ಕೈಬಿಟ್ಟ ಸಾಕುಪ್ರಾಣಿಗಳನ್ನು ತಂದು, ಅವು ತಾವಾಗಿ ಸಾಯುವವರೆಗೆ ಸಲಹುವ ಮನೆಗಳು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿವೆ. ಗುಜರಾತಿನವರು ಅವನ್ನು ಪಿಂಜರಾಪೋಳ ಎಂದು ಕರೆದರು. ಪಿಂಜರವೆಂದರೆ ಪಂಜರ, ಪೋಳವೆಂದರೆ ಬಾಗಿಲುಳ್ಳ ಕೇರಿ. ಈ ಮನೆಗಳ ಚರಿತ್ರೆಯನ್ನು ನಾವು ಈ ಹೊತ್ತು ಸ್ವಲ್ಪ ವಿಚಾರಮಾಡೋಣ. ಇದನ್ನು ದಯೆಯ ಕಥೆಯೆಂದಷ್ಟೇ ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಪ್ರಾಣಿಯೊಂದನ್ನು ಬಿಡಿಸಿ ತರುವುದು ಒಂದು ದಿನದ ಕೆಲಸ. ಅದನ್ನು ಸಾಕುವುದು ಅನೇಕ ವರ್ಷಗಳ ಕೆಲಸ. ಆ ವರ್ಷಗಳ ಮೇವಿಗೆ ದಾರಿಮಾಡಿಕೊಂಡ ಮನೆಗಳು ಬಾಳಿದುವು. ಮಾಡಿಕೊಳ್ಳದ ಮನೆಗಳಲ್ಲಿ ಹಳೆಯ ಉಪೇಕ್ಷೆಯೇ ಹೊಸ ಹೆಸರಿನಿಂದ ಮುಂದುವರಿಯಿತು.

ಮೊದಲು ಅಶೋಕನ ಕಾಲಕ್ಕೆ ಹೋಗೋಣ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಆತನು ಬರೆಸಿದ ಎರಡನೆಯ ಶಿಲಾಶಾಸನದಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದಾಗಿ ಹೇಳಿಕೊಂಡಿದ್ದಾನೆ. ಔಷಧದ ಗಿಡಮೂಲಿಕೆಗಳನ್ನು ಇಲ್ಲದ ಕಡೆಗೆ ತರಿಸಿ ನೆಡಿಸಿದ್ದು, ದಾರಿಗಳಲ್ಲಿ ಬಾವಿ ತೋಡಿಸಿದ್ದು ಸಹ ಅಲ್ಲಿಯೇ ಬರುತ್ತದೆ. ಇದನ್ನು ಓದಿದ ಹಲವರು ಅಶೋಕನು ಪಶುಗಳ ಆಸ್ಪತ್ರೆಗಳನ್ನು ಕಟ್ಟಿಸಿದನೆಂದು ಬರೆದಿದ್ದಾರೆ. ಶಾಸನದಲ್ಲಿರುವ ಮಾತು ಚಿಕಿತ್ಸೆ. ಕಟ್ಟಡದ ಪ್ರಸ್ತಾಪ ಅಲ್ಲಿಲ್ಲ. ಆದರೆ ಪ್ರಾಣಿಗಳ ನೋವನ್ನು ನೋಡಿಕೊಳ್ಳುವುದು ಅರಸನ ಕರ್ತವ್ಯವೆಂಬ ಭಾವನೆ ಅಲ್ಲಿ ಸ್ಪಷ್ಟವಾಗಿದೆ. ಪಟ್ಟಾಭಿಷೇಕವಾಗಿ ೨೬ ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನ ಇನ್ನೂ ಹತ್ತಿರಕ್ಕೆ ಬರುತ್ತದೆ. ಗಬ್ಬವಾಗಿರುವ ಅಥವಾ ಮರಿಗಳಿಗೆ ಹಾಲೂಡುವ ಆಡು, ಕುರಿ, ಹಂದಿಗಳನ್ನೂ, ಆರು ತಿಂಗಳು ತುಂಬದ ಮರಿಗಳನ್ನೂ ಕೊಲ್ಲಬಾರದು; ಗೊತ್ತಾದ ತಿಥಿಗಳಲ್ಲಿ ಹೋರಿಗಳ ಬೀಜ ಒಡೆಯಬಾರದು; ಕೆಲವು ದಿನಗಳಲ್ಲಿ ಕುದುರೆ ಎತ್ತುಗಳಿಗೆ ಬರೆ ಹಾಕಬಾರದು ಎಂದು ಅದರಲ್ಲಿ ವಿಧಿಸಿದೆ. ಇದು ಕಾಡಿನ ಮೃಗಗಳನ್ನಲ್ಲದೆ ಹಟ್ಟಿಯ ಪ್ರಾಣಿಗಳನ್ನೂ ಕಣ್ಣಮುಂದಿಟ್ಟುಕೊಂಡು ಬರೆದ ಮಾತು. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ, ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳಲ್ಲಿಯೂ, ತಾಯಿತಂದೆಗಳ ಸೇವೆಯ ಜೊತೆಯಲ್ಲಿಯೇ ಪ್ರಾಣಿದಯೆಯನ್ನು ದೃಢವಾಗಿ ನಡೆಸಬೇಕೆಂಬ ಉಪದೇಶವಿದೆ.

ಶಾಸನ ಉಪದೇಶಿಸುತ್ತದೆ, ಲೆಕ್ಕಪುಸ್ತಕ ನಡೆಸುತ್ತದೆ. ಆ ಲೆಕ್ಕಪುಸ್ತಕ ದೊರೆತದ್ದು ನಮ್ಮ ಮೈಸೂರಿನಲ್ಲಿಯೇ. ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿದ್ದ ತಾಳೆಯೋಲೆಯ ಪ್ರತಿಯಿಂದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, ೧೯೦೯ರಲ್ಲಿ ಅಚ್ಚುಮಾಡಿಸಿ, ೧೯೧೫ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ಗೋಅಧ್ಯಕ್ಷನ ಕೆಲಸಗಳನ್ನು ಹೇಳುವಾಗ, ಅರಮನೆಯ ದನಗಳನ್ನು ಹಲವು ಬಗೆಯಾಗಿ ವಿಂಗಡಿಸಿದೆ. ಅವುಗಳಲ್ಲಿ ಒಂದು ಬಗೆಗೆ ಭಗ್ನೋತ್ಸೃಷ್ಟಕ ಎಂದು ಹೆಸರು. ಮುರಿದು ಬಿಟ್ಟುಹಾಕಿದ್ದು ಎಂಬುದು ಅದರ ಅರ್ಥ. ರೋಗ ಹಿಡಿದವು, ಅಂಗ ಊನವಾದವು, ಒಬ್ಬರ ಕೈಗೆ ಹೊರತು ಹಾಲು ಕೊಡದವು, ಕರೆಯುವುದಕ್ಕೆ ಕಷ್ಟವಾದವು, ಕರುವನ್ನು ಕೊಲ್ಲುವವು, ಇವನ್ನೆಲ್ಲ ನೂರರ ಮಂದೆಯಾಗಿ ಮಾಡಿ ಗೋವಳರಿಗೆ ವಹಿಸಬೇಕು. ಅವರು ಅವನ್ನು ಸಾಕಿ, ಅಂಥ ದನಗಳಿಗೆ ತಕ್ಕಷ್ಟು ಪಾಲನ್ನು ಒಪ್ಪಿಸಬೇಕು ಎಂದು ಕೌಟಿಲ್ಯ ಹೇಳುತ್ತಾನೆ. ಎಳೆಯವು, ಮುದಿಯವು, ರೋಗಿಗಳು, ಇವುಗಳಿಗೆ ಗೋವಳರೇ ಚಿಕಿತ್ಸೆ ಮಾಡಬೇಕೆಂಬ ಮಾತೂ ಅಲ್ಲಿದೆ.

ಕೌಟಿಲ್ಯನು ಭಾವನೆಗೆ ವಶನಾದವನಲ್ಲ. ಬೊಕ್ಕಸಕ್ಕೆ ಬರುವ ಒಂದು ಕಾಸನ್ನೂ ಅವನು ಬಿಡುವವನಲ್ಲ. ಅಂಥವನು ಕೆಲಸಕ್ಕೆ ಬಾರದ ದನಗಳಿಗೆ ಒಂದು ಹೆಸರು, ಒಂದು ಲೆಕ್ಕ, ಒಬ್ಬ ಹೊಣೆಗಾರ ಮೂರನ್ನೂ ಗೊತ್ತುಮಾಡಿದ್ದಾನೆ. ಇದು ಬಹಳ ದೊಡ್ಡ ಮಾತೆಂದು ನಮಗೆ ತೋರುತ್ತದೆ. ಲೆಕ್ಕದಲ್ಲಿ ಹೆಸರಿಲ್ಲದ ಪ್ರಾಣಿಯೇ ಮೊದಲು ಉಪವಾಸ ಬೀಳುವ ಪ್ರಾಣಿ. ಹೆಸರು ಬರೆದಿಟ್ಟರೆ ಅದರ ಪಾಲಿನ ಮೇವನ್ನು ಯಾರಾದರೂ ಕೇಳಬಹುದು.

ಇನ್ನು ಪಿಂಜರಾಪೋಳಗಳನ್ನು ಕಣ್ಣಾರೆ ಕಂಡು ಬರೆದವರ ಕಡೆಗೆ ಬರೋಣ. ಹದಿನಾರನೆಯ ಶತಮಾನದ ಕೊನೆಯಲ್ಲಿ ನಮ್ಮ ದೇಶಕ್ಕೆ ಬಂದ ಇಂಗ್ಲಿಷ್ ವರ್ತಕ ರಾಲ್ಫ್ ಫಿಚ್ ಎಂಬಾತ, ಗುಜರಾತಿನ ಖಂಬಾಯತದ ವಿಷಯ ಬರೆಯುತ್ತ, ಅಲ್ಲಿ ಆಡುಕುರಿಗಳಿಗೂ ನಾಯಿಬೆಕ್ಕುಗಳಿಗೂ ಹಕ್ಕಿಗಳಿಗೂ ಆಸ್ಪತ್ರೆಗಳುಂಟೆಂದೂ, ಮುದಿಯಾದ ಕುಂಟಾದ ಪ್ರಾಣಿಗಳನ್ನು ಸಾಯುವವರೆಗೂ ಸಾಕುತ್ತಾರೆಂದೂ ಆಶ್ಚರ್ಯಪಟ್ಟಿದ್ದಾನೆ. ಅವನಿಗಿಂತ ವಿವರವಾಗಿ ಬರೆದವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. ಈತನ ಹೆಸರು ಕನ್ನಡಿಗರಿಗೆ ಹೊಸದಲ್ಲ. ೧೬೨೩ರ ಕೊನೆಯಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡು ವರ್ಣಿಸಿದವನು ಈತನೇ. ಅದೇ ವರ್ಷದ ಮೊದಲಲ್ಲಿ ಅವನು ಖಂಬಾಯತದಲ್ಲಿದ್ದ. ಅಲ್ಲಿ ಒಂದು ಮನೆಯಲ್ಲಿ ಹಕ್ಕಿಗಳನ್ನೂ, ಇನ್ನೊಂದರಲ್ಲಿ ರೋಗ ಹಿಡಿದ ಕುಂಟಾದ ಆಡುಕುರಿಗಳನ್ನೂ ಕಂಡ. ಊರಬಾಗಿಲಿನ ಹೊರಗೆ ಹಸು, ಕರು, ಆಡುಗಳ ದೊಡ್ಡ ಮಂದೆಯನ್ನು ಕಂಡ. ವಾಸಿಯಾದವು ಕೆಲವು, ಒಡೆಯರಿಲ್ಲದೆ ಅಲೆಯುತ್ತಿದ್ದವು ಕೆಲವು, ಕೊಲ್ಲುವವರಿಂದ ಹಣಕೊಟ್ಟು ಬಿಡಿಸಿ ತಂದವು ಕೆಲವು. ಸಾರ್ವಜನಿಕರ ಹಣದಿಂದ ಸಂಬಳ ಪಡೆಯುವ ದನಗಾಹಿಗಳು ಅವನ್ನು ಮೇಯಿಸುತ್ತಿದ್ದರು.

ಆ ಪ್ರಾಣಿಗಳ ನಡುವೆ ದೆಲ್ಲಾ ವಾಲ್ಲೆ ಒಬ್ಬ ಮನುಷ್ಯನನ್ನೂ ಕಂಡ. ಅವನೊಬ್ಬ ಮುಸಲ್ಮಾನ, ಕಳವು ಮಾಡಿದ್ದಕ್ಕಾಗಿ ಎರಡು ಕೈಗಳನ್ನೂ ಕತ್ತರಿಸಿಕೊಂಡವನು. ದುಡಿದು ತಿನ್ನಲಾರದ ಅವನು ಹಸಿದು ಸಾಯಬಾರದೆಂದು ಆ ಮನೆಯವರು ಅವನನ್ನೂ ಅಲ್ಲಿಯೇ ಇಟ್ಟುಕೊಂಡು ಸಾಕುತ್ತಿದ್ದರು. ಪ್ರಾಣಿಗಳ ಮೇಲಿನ ಕರುಣೆ ಮನುಷ್ಯನನ್ನು ಮರೆಸುತ್ತದೆಂದು ಆಕ್ಷೇಪಿಸುವವರು ಈ ಒಂದು ಚಿತ್ರವನ್ನು ನೆನೆಯುವುದು ಒಳ್ಳೆಯದು. ಆ ಮನೆಯ ಬಾಗಿಲಲ್ಲಿ ಜಾತಿಯನ್ನಾಗಲಿ ಅಪರಾಧವನ್ನಾಗಲಿ ಕೇಳಲಿಲ್ಲ. ಕೈಲಾಗದವನೆಂಬುದೇ ಒಳಗೆ ಸೇರಿಸಿಕೊಳ್ಳಲು ಸಾಕಾಗಿತ್ತು.

ಇಷ್ಟು ಪ್ರಾಣಿಗಳ ಹೊಟ್ಟೆ ತುಂಬುತ್ತಿದ್ದುದು ಹೇಗೆ? ಅಲ್ಲಿಯೇ ಇದೆ ಗುಜರಾತಿನ ಜಾಣ್ಮೆ. ಅಲ್ಲಿಯ ಪಟ್ಟಣಗಳಲ್ಲಿ ವರ್ತಕರ ಸಂಘಗಳಿಗೆ ಮಹಾಜನವೆಂದು ಹೆಸರು. ಜೈನರೂ ವೈಷ್ಣವರೂ ಕೂಡಿದ ಈ ಮಹಾಜನಗಳು ತಮ್ಮ ವ್ಯಾಪಾರದ ಸರಕಿನ ಮೇಲೆ ತಾವೇ ಒಂದು ಸಣ್ಣ ಲಾಗವನ್ನು ಹಾಕಿಕೊಂಡರು. ಲಾಗವೆಂದರೆ ಧರ್ಮಕ್ಕಾಗಿ ಎತ್ತುವ ತೆರಿಗೆ. ಹತ್ತಿಯ ಮೂಟೆಯೊಂದು ಕೈಬದಲಾದರೆ ಪಿಂಜರಾಪೋಳಕ್ಕೆ ಒಂದಿಷ್ಟು ಸೇರಿತು. ಸಂಘದ ನಿಯಮ ಮುರಿದವರ ದಂಡವೂ, ಸಂಕ್ರಾಂತಿಯ ದಾನವೂ ಅಲ್ಲಿಗೇ ಬಂದುವು. ಒಬ್ಬನ ಮನಸ್ಸು ಕರಗಿದ ದಿನ ಬಂದು, ಮರೆತ ದಿನ ನಿಲ್ಲುವ ಹಣ ಇದಲ್ಲ. ಪೇಟೆ ನಡೆಯುವವರೆಗೆ ಮೇವು ನಡೆಯುತ್ತಿತ್ತು.

ಬೊಂಬಾಯಿಯ ಪಿಂಜರಾಪೋಳ ಹುಟ್ಟಿದ್ದು ಒಂದು ಗಲಭೆಯಿಂದ. ಬೀದಿನಾಯಿಗಳನ್ನು ಕೊಲ್ಲುವ ಸರ್ಕಾರಿ ಏರ್ಪಾಡನ್ನು ವಿರೋಧಿಸಿ ೧೮೩೨ರ ಜೂನ್ ತಿಂಗಳಲ್ಲಿ ಅಲ್ಲಿಯ ಪಾರಸಿಗಳು ಎದ್ದುನಿಂತರು. ಹಿಂದೂಗಳೂ ಜೈನರೂ ಅವರೊಡನೆ ಸೇರಿ ಅಂಗಡಿಗಳನ್ನು ಮುಚ್ಚಿದರು. ಗಲಭೆ ಅಡಗಿತು, ಪ್ರಶ್ನೆ ಉಳಿಯಿತು. ಕೊಲ್ಲಬಾರದೆಂದರೆ ಸಾಕುವವರಾರು? ಎರಡು ವರ್ಷಗಳ ಬಳಿಕ, ೧೮೩೪ರಲ್ಲಿ, ಪಾರಸಿ ವರ್ತಕ ಜಮ್ಶೇಟ್‌ಜಿ ಜೀಜೀಭಾಯಿಯವರೂ ಜೈನ ವರ್ತಕ ಮೋತೀಚಂದ ಅಮೀಚಂದರೂ ಮುಂದಾಗಿ ಊರಿನ ನಡುವೆ ಪಿಂಜರಾಪೋಳವನ್ನು ಸ್ಥಾಪಿಸಿದರು. ನಾಯಿಗಳಿಗಾಗಿ ಹುಟ್ಟಿದ ಮನೆಗೆ ದನಗಳೂ ಆಡುಕುರಿಗಳೂ ಕುದುರೆಗಳೂ ಬಂದು ಸೇರಿದುವು. ಇಂದಿಗೂ ಮುಂಬಯಿಯ ಭುಲೇಶ್ವರದ ಕಿಕ್ಕಿರಿದ ಬೀದಿಗಳ ನಡುವೆ ಆ ಮನೆಯಿದೆ. ಹೋರಾಟ ಮಾಡಿದವರು ಅದರ ಬೆನ್ನಿಗೇ ಖರ್ಚಿನ ಹೊರೆಯನ್ನೂ ಹೊತ್ತರೆಂಬುದೇ ಈ ವೃತ್ತಾಂತದ ಸಾರ.

ಇಷ್ಟು ಹೇಳಿದ ಮೇಲೆ ಈ ಮನೆಗಳ ದೋಷವನ್ನೂ ಹೇಳಬೇಕು. ಬಾಗಿಲಿಗೆ ಬಂದ ಪ್ರಾಣಿಯನ್ನು ಹಿಂದಕ್ಕೆ ಕಳುಹಿಸಬಾರದೆಂಬುದು ಪಿಂಜರಾಪೋಳದ ಧರ್ಮ. ಬರುವ ಪ್ರಾಣಿಗೆ ಮಿತಿಯಿಲ್ಲ, ಹುಲ್ಲಿಗೆ ಮಿತಿಯುಂಟು. ಬರಗಾಲದಲ್ಲಿ ಇವೆರಡರ ನಡುವಣ ಅಂತರ ಭಯಂಕರವಾಗುತ್ತದೆ. ಗುಜರಾತಿನ ಜನ ಇಂದಿಗೂ ಛಪ್ಪನಿಯೋ ಎಂದು ನೆನೆಯುವ ೧೮೯೯-೧೯೦೦ರ ಕ್ಷಾಮದಲ್ಲಿ ಆ ಸೀಮೆಯ ದನಗಳು ಲೆಕ್ಕವಿಲ್ಲದಷ್ಟು ಸತ್ತುವು; ಯಾವ ಪಿಂಜರಾಪೋಳವೂ ಆ ಪ್ರವಾಹವನ್ನು ತಡೆಯಲು ಶಕ್ತವಾಗಿರಲಿಲ್ಲ. ಒಳ್ಳೆಯ ವರ್ಷಗಳಲ್ಲಿಯೂ ಇಕ್ಕಟ್ಟಾದ ಕೊಟ್ಟಿಗೆ, ಒಂದರಿಂದ ಇನ್ನೊಂದಕ್ಕೆ ಹರಡುವ ರೋಗ, ತಿಳಿದ ವೈದ್ಯನಿಲ್ಲದಿರುವುದು, ಇವನ್ನು ಕಂಡು ಟೀಕಿಸಿದವರು ಉಂಟು.

ಇನ್ನೊಂದು ಕಠಿಣವಾದ ಪ್ರಶ್ನೆಯೂ ಉಂಟು. ವಾಸಿಯಾಗುವ ಆಸೆಯೇ ಇಲ್ಲದೆ ನರಳುವ ಪ್ರಾಣಿಯನ್ನು ಏನು ಮಾಡಬೇಕು? ನೋವನ್ನು ಕೊನೆಗಾಣಿಸಲು ಕೊಲ್ಲುವುದೇ ದಯೆಯೆಂದು ಪಶ್ಚಿಮದವರು ಹೇಳಿದರು. ಜೀವವನ್ನು ತೆಗೆಯುವ ಅಧಿಕಾರ ನಮಗಿಲ್ಲ, ನೋವನ್ನು ಶಮನಮಾಡುವುದಷ್ಟೇ ನಮ್ಮ ಪಾಲಿನದೆಂದು ಜೈನರು ಹೇಳಿದರು. ೧೯೨೮ರಲ್ಲಿ ಸಾಬರಮತಿಯ ಆಶ್ರಮದಲ್ಲಿ ಬದುಕುವ ಆಸೆಯಿಲ್ಲದೆ ಒದ್ದಾಡುತ್ತಿದ್ದ ಒಂದು ಕರುವಿಗೆ ಗಾಂಧೀಜಿಯವರು ವೈದ್ಯರಿಂದ ಸೂಜಿಮದ್ದು ಹಾಕಿಸಿ ಸಾವು ತರಿಸಿದರು. ಅದರಿಂದ ಎದ್ದ ಕೋಲಾಹಲ ಸಣ್ಣದಲ್ಲ. ಅವರು ಅದನ್ನು ಮುಚ್ಚಿಡದೆ ತಮ್ಮ ಪತ್ರಿಕೆಯಲ್ಲಿಯೇ ಬರೆದು, ತಾವು ಮಾಡಿದ್ದೂ ಅಹಿಂಸೆಯೇ ಎಂದು ವಾದಿಸಿದರು. ಈ ವಿವಾದ ಇನ್ನೂ ಮುಗಿದಿಲ್ಲ. ಎರಡು ಪಕ್ಷದವರಿಗೂ ಒಪ್ಪಿಗೆಯಾಗಬೇಕಾದ ಮಾತೊಂದಿದೆ: ಕೊಲ್ಲುವುದಿಲ್ಲವೆಂದು ಪ್ರತಿಜ್ಞೆ ಮಾಡಿ, ಮೇವು ಮದ್ದುಗಳಿಲ್ಲದೆ ಮೂಲೆಯಲ್ಲಿ ಕೊರಗಲು ಬಿಡುವುದನ್ನು ದಯೆಯೆಂದು ಯಾವ ಧರ್ಮವೂ ಕರೆಯುವುದಿಲ್ಲ.

ಪಿಂಜರಾಪೋಳಗಳನ್ನು ತಿದ್ದಬೇಕೆಂಬ ಗಾಂಧೀಜಿಯವರ ಪ್ರಯತ್ನಕ್ಕೂ ಕರ್ಣಾಟಕಕ್ಕೂ ಸಂಬಂಧವುಂಟು. ೧೯೨೪ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ಸು ಸೇರಿದಾಗ ಅಲ್ಲಿಯೇ ಗೋರಕ್ಷಣೆಯ ಸಮ್ಮೇಳನವೂ ನಡೆಯಿತು. ಗಾಂಧೀಜಿಯವರು ಅದರಲ್ಲಿ ಮಾತನಾಡಿದರು. ೧೯೨೭ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿದ್ದಾಗ ಅಲ್ಲಿಯ ಇಂಪೀರಿಯಲ್ ಡೈರಿಗೆ ಹೋಗಿ, ದನಸಾಕಣೆಯ ಪಾಠಗಳನ್ನು ವಿದ್ಯಾರ್ಥಿಯಂತೆ ಕೇಳಿದರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ಒಬ್ಬ ರೈತನೆಂದು ಬರೆದುಕೊಂಡರು. ಅವರ ಅಭಿಪ್ರಾಯ ಇಷ್ಟು: ಪಿಂಜರಾಪೋಳಗಳು ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಯಲಿಗೆ ಹೋಗಬೇಕು, ಅವುಗಳನ್ನು ಶಾಸ್ತ್ರ ಬಲ್ಲವರು ನಡೆಸಬೇಕು, ಒಳ್ಳೆಯ ಹೋರಿಗಳನ್ನೂ ಹಾಲಿನ ಹಸುಗಳನ್ನೂ ಅಲ್ಲಿ ಸಾಕಬೇಕು, ತಾವಾಗಿ ಸತ್ತ ದನಗಳ ತೊಗಲನ್ನು ಹದಮಾಡುವ ಕೆಲಸವೂ ಅದಕ್ಕೆ ಸೇರಬೇಕು, ಇವುಗಳ ವರಮಾನದಿಂದ ಮುದಿಯವನ್ನು ಸಲಹಬೇಕು. ಶ್ರದ್ಧಾವಂತರಾದ ಹಲವರಿಗೆ ತೊಗಲಿನ ಮಾತು ರುಚಿಸಲಿಲ್ಲ. ಆದರೆ ಸತ್ತ ದನದ ತೊಗಲಿಗೆ ಬೆಲೆ ಬಂದರೆ ಬದುಕಿರುವ ಮುದಿ ದನವನ್ನು ತೊಗಲಿಗಾಗಿ ಕೊಲ್ಲುವ ಆಸೆ ಕಡಮೆಯಾಗುತ್ತದೆಂಬ ಅವರ ತರ್ಕವನ್ನು ಅಲ್ಲಗಳೆಯುವುದು ಕಷ್ಟ.

ಬಯಲಿನ ಮಾತು ಬಂದಾಗ ಮೈಸೂರಿನವರಾದ ನಮಗೆ ಕಾವಲುಗಳ ನೆನಪಾಗದಿರದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಗೆ ಟೀಪೂ ಸುಲ್ತಾನನು ಅಮೃತಮಹಲೆಂದು ಹೆಸರಿಟ್ಟನು. ಅದರ ದನಗಳಿಗಾಗಿ ರಾಜ್ಯದಲ್ಲೆಲ್ಲ ಹುಲ್ಲುಗಾವಲುಗಳನ್ನು ಮೀಸಲಿಟ್ಟು, ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆಬೇರೆ ಕಾವಲುಗಳನ್ನು ಗೊತ್ತುಮಾಡಿದ್ದರು. ಅಮೃತಮಹಲು ಅನಾಥ ದನಗಳ ಆಶ್ರಯವಾಗಿರಲಿಲ್ಲ. ಸೈನ್ಯದ ಸಾಗಣೆಗೆ ಎತ್ತುಗಳನ್ನು ಒದಗಿಸುವ ಇಲಾಖೆ ಅದು. ಆದರೂ ಅದರಲ್ಲಿ ಒಂದು ವಿವೇಕವಿತ್ತು. ದನಕ್ಕೆ ಸೂರಿಗಿಂತ ಮೊದಲು ಹುಲ್ಲು ಬೇಕೆಂಬುದನ್ನು ಅದನ್ನು ಕಟ್ಟಿದವರು ಅರಿತಿದ್ದರು. ಕಾವಲುಗಳೂ ಊರ ಗೋಮಾಳಗಳೂ ಬಹುಮಟ್ಟಿಗೆ ಕರಗಿಹೋಗಿವೆ. ಬರ ಬಂದ ವರ್ಷ ನಮ್ಮ ಸರ್ಕಾರ ತಾಲ್ಲೂಕುಗಳಲ್ಲಿ ತಾತ್ಕಾಲಿಕ ಗೋಶಾಲೆಗಳನ್ನೂ ಮೇವಿನ ಬ್ಯಾಂಕುಗಳನ್ನೂ ತೆರೆಯುತ್ತದೆ. ಮಳೆ ಬಂದ ಕೂಡಲೆ ಅವು ಮುಚ್ಚುತ್ತವೆ. ಹುಲ್ಲುಗಾವಲು ಉಳಿದಿದ್ದರೆ ಅವುಗಳ ಅಗತ್ಯ ಇಷ್ಟು ಬೀಳುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಈ ಪ್ರಶ್ನೆ ಕಾನೂನಿನ ಮೆಟ್ಟಿಲೇರಿತು. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಮುದಿ ದನಗಳಿಗಾಗಿ ೧೬೦ ಗೋಸದನಗಳನ್ನು ತೆರೆಯಬೇಕೆಂದು ಗೊತ್ತುಮಾಡಿತ್ತು. ಆ ಅವಧಿಯಲ್ಲಿ ತೆರೆದದ್ದು ಅದರಲ್ಲಿ ಒಂದು ಸಣ್ಣ ಪಾಲು ಮಾತ್ರ. ೧೯೫೮ರಲ್ಲಿ ಸರ್ವೋಚ್ಚ ನ್ಯಾಯಾಲಯ ಗೋಹತ್ಯೆಯ ನಿಷೇಧವನ್ನು ಎತ್ತಿಹಿಡಿದರೂ, ದುಡಿಮೆ ಮುಗಿದ ಎತ್ತುಹೋರಿಗಳ ವಧೆಯನ್ನು ಪೂರ್ತಿಯಾಗಿ ನಿಷೇಧಿಸುವುದು ಯುಕ್ತವಲ್ಲವೆಂದಿತು. ಅದಕ್ಕೆ ಕೊಟ್ಟ ಕಾರಣಗಳಲ್ಲಿ ಮೇವಿನ ಅಭಾವವೂ ಒಂದು. ೨೦೦೫ರಲ್ಲಿ ಅದೇ ನ್ಯಾಯಾಲಯದ ದೊಡ್ಡ ಪೀಠವೊಂದು ಗುಜರಾತಿನ ಪೂರ್ಣ ನಿಷೇಧವನ್ನು ಒಪ್ಪಿ, ಮುದಿ ದನದ ಸಗಣಿ ಗಂಜಳಗಳಿಗೂ ಬೆಲೆಯುಂಟೆಂದು ಎಣಿಸಿತು. ಈ ಎರಡು ತೀರ್ಪುಗಳ ಮಧ್ಯೆ ಯಾರ ಪಕ್ಷ ಸರಿಯೆಂಬುದು ಈ ಭಾಷಣದ ವಿಷಯವಲ್ಲ. ಎರಡರ ನಡುವೆಯೂ ಹಾದುಹೋಗುವ ಪ್ರಶ್ನೆ ಮಾತ್ರ ನಮ್ಮದು: ಉಳಿದ ಪ್ರಾಣಿಯ ಮೇವು ಯಾರ ಲೆಕ್ಕಕ್ಕೆ? ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನದಿಂದ ಬಂದ ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾನೂನು ಇದಕ್ಕೆ ಒಂದು ಉತ್ತರ ಕೊಡುತ್ತದೆ. ಹಿಂಸೆಗೆ ಗುರಿಯಾದ ಪ್ರಾಣಿಯನ್ನು ಮ್ಯಾಜಿಸ್ಟ್ರೇಟರು ಪಿಂಜರಾಪೋಳಕ್ಕೆ ಕಳುಹಿಸಬಹುದು. ಅದರ ಸಾಕಣೆಯ ಖರ್ಚನ್ನು ಒಡೆಯನೇ ಕೊಡಬೇಕು. ಗುಜರಾತಿನ ಹಳೆಯ ಮಾತು ಹೀಗೆ ದೇಶದ ಕಾನೂನಿನಲ್ಲಿ ಸೇರಿತು.

ಪಶ್ಚಿಮದ ದಾರಿ ಬೇರೆಯಾಗಿತ್ತು. ಇಂಗ್ಲೆಂಡಿನಲ್ಲಿ ೧೮೨೨ರಲ್ಲಿ ರಿಚರ್ಡ್ ಮಾರ್ಟಿನ್ ತಂದ ಕಾನೂನು ದನಗಳನ್ನೂ ಕುದುರೆಗಳನ್ನೂ ಹಿಂಸಿಸುವವರನ್ನು ದಂಡಿಸಿತು. ಹೊಡೆದವನನ್ನು ಹಿಡಿಯುವುದು ಅಲ್ಲಿ ಮೊದಲು ಬಂತು. ಹೊಡೆಸಿಕೊಂಡದ್ದಕ್ಕೆ ಮನೆ ಕೊಡುವುದು ಬಹಳ ತಡವಾಗಿ ಬಂತು. ೧೮೮೬ರಲ್ಲಿ ಆನ್ ಲಿಂಡೊ ಎಂಬ ಮಹಿಳೆ ಲಂಡನ್ನಿನ ಗಾಡಿಕುದುರೆಗಳಿಗಾಗಿ ಒಂದು ವಿಶ್ರಾಂತಿಗೃಹವನ್ನು ಸ್ಥಾಪಿಸಿದಳು. ಬಡ ಗಾಡಿಯವನ ಕುದುರೆ ಅಲ್ಲಿ ಸುಧಾರಿಸಿಕೊಳ್ಳುವಾಗ, ಅವನ ಹೊಟ್ಟೆಯ ಪಾಡಿಗೆ ಬೇರೊಂದು ಕುದುರೆಯನ್ನು ಎರವಲಾಗಿ ಕೊಡುತ್ತಿದ್ದರು. ಒಡೆಯನ ಕಷ್ಟವನ್ನು ಅರಿತ ದಯೆಗೆ ಇದು ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ ೧೯೮೬ರಲ್ಲಿ ಜೀನ್ ಬಾವರ್ ಎಂಬಾತನೂ ಅವನ ಜೊತೆಯವರೂ ಪೆನ್ಸಿಲ್ವೇನಿಯದ ಒಂದು ದನದ ಸಂತೆಯ ಹಿಂದೆ, ಸತ್ತ ಪ್ರಾಣಿಗಳ ರಾಶಿಯಲ್ಲಿ, ಇನ್ನೂ ಉಸಿರಾಡುತ್ತಿದ್ದ ಒಂದು ಕುರಿಯನ್ನು ಕಂಡು ಎತ್ತಿಕೊಂಡು ಬಂದರು. ಹಿಲ್ಡಾ ಎಂದು ಅದಕ್ಕೆ ಹೆಸರಿಟ್ಟರು. ಆ ಕುರಿ ಹತ್ತು ವರ್ಷಕ್ಕೂ ಮೇಲೆ ಬದುಕಿತು. ಹೊಲಮನೆಯ ಪ್ರಾಣಿಗಳಿಗಾಗಿ ಆ ದೇಶದಲ್ಲಿ ಹುಟ್ಟಿದ ಆಶ್ರಯಧಾಮಗಳಲ್ಲಿ ಅವರದು ಮೊದಮೊದಲಿನದು. ಮೊದಲ ದಿನಗಳಲ್ಲಿ ಅವರು ಸಂಗೀತ ಕಚೇರಿಗಳ ಹೊರಗೆ ಗಾಡಿಯಲ್ಲಿ ಸಸ್ಯಾಹಾರದ ತಿನಿಸು ಮಾರಿ ಹಣ ಕೂಡಿಸಿದರು. ಎತ್ತಿ ತಂದದ್ದು ಒಂದು ಗಳಿಗೆಯ ಕೆಲಸ. ಹತ್ತು ವರ್ಷದ ಹುಲ್ಲಿಗೆ ತಿನಿಸು ಮಾರಬೇಕಾಯಿತು.

ಈಗ ನಮ್ಮ ಬೀದಿಗೆ ಬರೋಣ. ೨೦೧೯ರ ಜಾನುವಾರು ಗಣತಿಯಲ್ಲಿ ದೇಶದ ಬೀಡಾಡಿ ದನಗಳ ಸಂಖ್ಯೆ ಸುಮಾರು ೫೦ ಲಕ್ಷ. ಟ್ರಾಕ್ಟರು ಬಂದು ಎತ್ತಿನ ಕೆಲಸ ಹೋಯಿತು; ಸೀಮೆಯ ತಳಿ ಬೆರೆತ ಗಂಡುಕರು ನೊಗಕ್ಕೆ ಒಗ್ಗದು. ಆದುದರಿಂದ ಹುಟ್ಟಿದ ಕೆಲವು ದಿನಗಳಲ್ಲಿಯೇ ಅದು ಅನಾಥ. ನಾವು ಬೆಳಗ್ಗೆ ಕುಡಿಯುವ ಕಾಫಿಯ ಹಾಲು ಆ ಕರುವಿನ ತಾಯಿಯದು. ನಗರದವರಾದ ನಾವು ಈ ಕಥೆಗೆ ಹೊರಗಿನವರಲ್ಲ. ೩೦೦ ಕಿಲೋ ತೂಗುವ ಒಂದು ಹಸುವಿಗೆ ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ ಆರೇಳು ಕಿಲೋ ಬೇಕು. ವರ್ಷಕ್ಕೆ ಎರಡೂವರೆ ಟನ್ನು. ನೂರು ತಲೆಯ ಗೋಶಾಲೆಗೆ ೨೫೦ ಟನ್ನು. ಅದರ ಮೇಲೆ ನೀರು, ವೈದ್ಯ, ಆಳುಗಳ ಸಂಬಳ. ಹಬ್ಬದ ದಿನ ಒಂದು ಹಿಡಿ ಹುಲ್ಲು ಕೊಟ್ಟು ಕೈಮುಗಿದು ಬರುವವರು ಬಹಳ ಮಂದಿ. ಆಷಾಢದ ಒಂದು ಮಂಗಳವಾರ ಕೊಟ್ಟಿಗೆಯಲ್ಲಿ ಮೇವಿದೆಯೇ ಎಂದು ಕೇಳುವವರು ಕೆಲವರೇ.

ಚಾಮುಂಡಿಬೆಟ್ಟದ ತಪ್ಪಲಿನಲ್ಲಿ ಮೈಸೂರಿನ ಪಿಂಜರಾಪೋಳವಿದೆ. ಬೇರೆ ಊರುಗಳಲ್ಲಿಯೂ ಇಂಥ ಮನೆಗಳಿವೆ. ಅಂಥ ಮನೆಗೆ ಹೋದಾಗ ಎಷ್ಟು ಪ್ರಾಣಿಗಳನ್ನು ಬಿಡಿಸಿ ತಂದಿರಿ ಎಂದಷ್ಟೇ ಕೇಳಿ ಬರಬಾರದು. ಕಳೆದ ವರ್ಷ ಬಂದವುಗಳಲ್ಲಿ ಎಷ್ಟು ಉಳಿದಿವೆ, ಬೇಸಗೆಗೆ ಎಷ್ಟು ಬಣವೆ ಹಾಕಿದ್ದೀರಿ, ವೈದ್ಯರು ಬರುವುದು ಯಾವ ದಿನ ಎಂದು ವಿಚಾರಿಸಬೇಕು. ಖಂಬಾಯತದ ವರ್ತಕರು ತಮ್ಮ ಸರಕಿನ ಮೇಲೆ ಲಾಗ ಹಾಕಿಕೊಂಡಂತೆ, ತಿಂಗಳ ಸಂಬಳ ಎಣಿಸುವ ನಾವೂ ಒಂದು ಸಣ್ಣ ಪಾಲನ್ನು ತಪ್ಪದೆ ತೆಗೆದಿಟ್ಟರೆ ಒಂದು ಮುದಿ ಎತ್ತಿನ ಬಾಳು ಸಾಗುತ್ತದೆ. ಆ ಪಾಲು ಚಿಕ್ಕದಾದರೂ ಚಿಂತೆಯಿಲ್ಲ, ನಿಲ್ಲಬಾರದು.